ಹೊಸ ರೌಟರ್ ಹಾಕಿದ ಮೇಲೆ ವೈಫೈ ಫುಲ್ ಇದೆ, ನೆಟ್ ಮಾತ್ರ ಬಂದು ಹೋಗುತ್ತಿದೆ. ಯಾರಾದರೂ ದಾರಿ ಹೇಳಿ

ಹಂಪಿನಗರ_2ನೇಮಹಡಿ
ನಿಜವಾಗಲೂ ಸಾಕಾಗಿ ಹೋಗಿದೆ. ಹೊಸ ರೌಟರ್ ಹಾಕಿದ್ದೇವೆ. ಮೊಬೈಲ್‌ನಲ್ಲಿ ವೈಫೈ ಗೆರೆ ಫುಲ್ ತೋರಿಸುತ್ತದೆ, ಆದರೆ ನೆಟ್ ಇಷ್ಟ ಬಂದಾಗ ಬರುತ್ತದೆ, ಇಷ್ಟ ಬಂದಾಗ ಹೋಗುತ್ತದೆ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಬರುತ್ತಿರುವಾಗಲೇ ಪಕ್ಕದಲ್ಲಿ ಕೂತ ನನ್ನ ಫೋನಿಗೆ ಇರುವುದಿಲ್ಲ. ವೈಫೈ ಆಫ್ ಮಾಡಿ ಆನ್ ಮಾಡಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಇಲ್ಲ. ನೆನ್ನೆ ಆಫೀಸ್ ಮೀಟಿಂಗ್ ಮಧ್ಯದಲ್ಲೇ ಕಟ್ ಆಯ್ತು. ಕಸ್ಟಮರ್ ಕೇರ್‌ನವರು "ನಮ್ಮ ಕಡೆ ಲೈನ್ ಸರಿ ಇದೆ ಮೇಡಂ" ಅಂತ ಹೇಳಿ ಫೋನ್ ಇಡುತ್ತಾರೆ. ಯಾವ ಸೆಟ್ಟಿಂಗ್ ಬದಲಾಯಿಸಬೇಕು?

ಮಲ್ಲೇಶ್ವರಂ_ಸಿಗ್ನಲ್
ಇದು ಚಾನೆಲ್ (ವೈಫೈ ಸಿಗ್ನಲ್ ಗಾಳಿಯಲ್ಲಿ ಹೋಗುವ ದಾರಿ) ಸಮಸ್ಯೆ, ಅನುಮಾನವೇ ಬೇಡ. ಬೆಂಗಳೂರಿನ ಹಂಪಿನಗರ, ವಿಜಯನಗರ ಕಡೆ ಗೋಡೆಗೆ ಗೋಡೆ ಅಂಟಿದ ಮನೆಗಳು. ಒಂದೊಂದು ಮನೆಯಲ್ಲೂ ಒಂದೊಂದು ರೌಟರ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ 1, 6, 11 ಮಾತ್ರ. ಉಳಿದದ್ದು ಯಾವುದನ್ನು ಇಟ್ಟರೂ ಎರಡೂ ಕಡೆಯವರ ಜೊತೆ ಜಗಳ. ಫೋನಿಗೆ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಯಾವುದು ಖಾಲಿ ಇದೆ ನೋಡಿ, ಅದಕ್ಕೆ ಬದಲಾಯಿಸಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್‌ನಲ್ಲೇ ಇರಲಿ, 40 ಬೇಡ.

ಹಂಪಿನಗರ_2ನೇಮಹಡಿ
ಚಾನೆಲ್ 11 ಮಾಡಿದೆ ಸಾರ್, 20 ಕೂಡ ಮಾಡಿದೆ. ಏನೂ ಬದಲಾಗಲಿಲ್ಲ.

ಮಲ್ಲೇಶ್ವರಂ_ಸಿಗ್ನಲ್
ಹಾಗಾದರೆ 5 ಗಿಗಾಹರ್ಟ್ಸ್‌ಗೆ ಹೋಗಿ. ಅಲ್ಲಿ ಜಾಗ ಜಾಸ್ತಿ. 36ರಿಂದ 48ರೊಳಗೆ ಇಡಿ. 52ರಿಂದ 144ರ ನಡುವಿನವುಗಳಲ್ಲಿ ರೇಡಾರ್ ಇದೆಯಾ ಅಂತ ರೌಟರ್ ಮೊದಲು ಕಾದು ನೋಡಬೇಕು, ಹಾಗಾಗಿ ತಡವಾಗಿ ಶುರುವಾಗುತ್ತದೆ. ಇನ್ನೊಂದು, ರೌಟರ್ ಎಲ್ಲಿಟ್ಟಿದ್ದೀರಿ? ಷೋಕೇಸ್ ಒಳಗೆ, ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ ಇಟ್ಟಿದ್ದರೆ ತೆಗೆದುಬಿಡಿ. ಬೀರುವಿನ ಕನ್ನಡಿಯೂ ಸಿಗ್ನಲ್ ವಾಪಸ್ ತಳ್ಳುತ್ತದೆ. ಆಂಟೆನಾ ನೆಟ್ಟಗೆ ನಿಲ್ಲಿಸಿ.

ಎಸ್‌ಪಿ_ರೋಡ್_ಗಿರಾಕಿ
ಎಲ್ಲ ಆಂಟೆನಾನೂ ನೆಟ್ಟಗೆ ನಿಲ್ಲಿಸಬಾರದು. ಅಲೆ ಆಂಟೆನಾದ ಪಕ್ಕಕ್ಕೆ ಹರಡುತ್ತದೆ, ತುದಿಯ ಕಡೆಗೆ ಕಡಿಮೆ. ಡ್ಯೂಪ್ಲೆಕ್ಸ್ ಮನೆಯಾದರೆ ಒಂದನ್ನು ಮಲಗಿಸಲೇಬೇಕು.

ಮಲ್ಲೇಶ್ವರಂ_ಸಿಗ್ನಲ್
ಅವರು ಡ್ಯೂಪ್ಲೆಕ್ಸ್ ಅಂತ ಎಲ್ಲಿ ಹೇಳಿದರು? 2ನೇ ಮಹಡಿ ಅಂತ ಹೆಸರಲ್ಲೇ ಇದೆ. ಒಂದೇ ಮಹಡಿಗೆ ನೆಟ್ಟಗೇ ಸರಿ.

ಕೆಂಗೇರಿ_ಕಾಂಡ್ಯೂಟ್
ಆಂಟೆನಾ ಬಿಡಿ. ವೈಫೈ ನಂಬಿಕೊಂಡು ಆಫೀಸ್ ಕೆಲಸ ಮಾಡುವುದೇ ಕಷ್ಟ. ನಾನು ಮನೆ ಕಟ್ಟಿಸುವಾಗಲೇ ಪ್ರತಿ ರೂಮಿಗೂ ಕರೆಂಟ್ ವೈರಿನಿಂದ ಬೇರೆಯಾಗಿ ಪೈಪ್ ಹಾಕಿಸಿ ಕ್ಯಾಟ್ 6 ನೆಟ್ ಕೇಬಲ್ ಎಳೆಸಿದೆ. ಎಲ್ಲ ಬಂದು ಅಟ್ಟದ ಮೇಲೆ ಕೇಬಲ್‌ಗಳನ್ನು ಒಟ್ಟಿಗೆ ಜೋಡಿಸುವ ಸ್ವಿಚ್‌ಗೆ ಸೇರುತ್ತದೆ. ಮಹಡಿಗೊಂದು ಆ್ಯಕ್ಸೆಸ್ ಪಾಯಿಂಟ್ (ಬರೀ ವೈಫೈ ಹರಡುವ ಡಬ್ಬ), ಅದಕ್ಕೆ ಕರೆಂಟ್ ಕೂಡ ಅದೇ ಕೇಬಲ್‌ನಲ್ಲಿ ಹೋಗುತ್ತದೆ. ಫೈಬರ್ ಡಬ್ಬಕ್ಕೂ ಸ್ವಿಚ್‌ಗೂ ಬೇರೆ ಯುಪಿಎಸ್. ಮಳೆ ಬಂದು ಇಡೀ ರಸ್ತೆಯ ಕರೆಂಟ್ ಹೋದರೂ ನಮ್ಮ ಮನೆಯಲ್ಲಿ ಮೀಟಿಂಗ್ ನಿಲ್ಲುವುದಿಲ್ಲ. ಮನೆ ಕಟ್ಟಿಸುವವರು ಯಾರಾದರೂ ಇದ್ದರೆ ದಯವಿಟ್ಟು ಪ್ಲಾಸ್ಟರಿಂಗ್‌ಗೆ ಮೊದಲೇ ಪೈಪ್ ಹಾಕಿಸಿಕೊಳ್ಳಿ. ಆಮೇಲೆ ಗೋಡೆ ಒಡೆಸುವುದು ಬೇಡ.

ಎಸ್‌ಪಿ_ರೋಡ್_ಗಿರಾಕಿ
ಸೂಪರ್ ಗುರು. ಫೋಟೋ ಹಾಕಿ. ಸ್ವಿಚ್ ಎಷ್ಟು ಪೋರ್ಟಿನದು?

ಕೆಂಗೇರಿ_ಕಾಂಡ್ಯೂಟ್
16 ಪೋರ್ಟ್. ಅದರಲ್ಲಿ 8ಕ್ಕೆ ಮಾತ್ರ ಕರೆಂಟ್ ಕೊಡುವ ಶಕ್ತಿ ಇದೆ. ಕ್ಯಾಮೆರಾಗಳೂ ಅದಕ್ಕೇ.

ಹಂಪಿನಗರ_2ನೇಮಹಡಿ
ನಮ್ಮದು ಬಾಡಿಗೆ ಮನೆ ಸಾರ್. ಮೊಳೆ ಹೊಡೆಯುವುದಕ್ಕೂ ಓನರ್ ಆಂಟಿಯನ್ನು ಕೇಳಬೇಕು. ನನ್ನ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಿ, ಪ್ಲೀಸ್.

ಪದ್ಮನಾಭನಗರ_ಪಿಂಗ್
ಮೇಡಂ, ಚಾನೆಲ್ ವಿಷಯ ಪಕ್ಕಕ್ಕಿಡಿ. ಚಾನೆಲ್ ಗಲಾಟೆಯಾದರೆ ಎಲ್ಲರಿಗೂ ನೆಟ್ ನಿಧಾನ ಆಗುತ್ತದೆ. ಒಬ್ಬರಿಗೆ ಪೂರ್ತಿ ಬಂದು, ಪಕ್ಕದಲ್ಲಿ ಕೂತವರಿಗೆ ಪೂರ್ತಿ ಇಲ್ಲ ಅಂತ ಆಗುವುದಿಲ್ಲ. ಇದು ಗಾಳಿಯಲ್ಲಿರುವ ತೊಂದರೆ ಅಲ್ಲ, ಅಡ್ರೆಸ್ ತೊಂದರೆ. ಮೂರು ವಿಷಯ ತಿಳಿಸಿ. ಫೈಬರ್ ವೈರ್ ಬಂದು ಸೇರುವುದು ಯಾವ ಡಬ್ಬಕ್ಕೆ? ಅಲ್ಲಿಂದ ಹೊಸ ರೌಟರ್‌ಗೆ ಬರುವ ಕೇಬಲ್ ಯಾವ ಪೋರ್ಟ್‌ಗೆ ಹಾಕಿದ್ದೀರಿ? ನೆಟ್ ಇಲ್ಲದಿದ್ದಾಗ ಫೋನಿನ ವೈಫೈ ವಿವರದಲ್ಲಿ ಐಪಿ ಅಡ್ರೆಸ್ (ಫೋನಿಗೆ ಸಿಕ್ಕ ನಂಬರ್), ಗೇಟ್‌ವೇ (ಹೊರಗೆ ಹೋಗಲು ದಾಟಬೇಕಾದ ಡಬ್ಬದ ನಂಬರ್) ಏನು ತೋರಿಸುತ್ತದೆ?

ಹಂಪಿನಗರ_2ನೇಮಹಡಿ
ಫೈಬರ್ ಕಂಪನಿಯವರು ಕೊಟ್ಟ ಡಬ್ಬಕ್ಕೇ ಬರುತ್ತದೆ ಅಲ್ವಾ, ಅದು ಹಾಲ್‌ನಲ್ಲಿದೆ. ಅದರಲ್ಲೂ ವೈಫೈ ಇದೆ, ಹಿಂದಿನ ರೂಮಿಗೆ ತಲುಪುವುದಿಲ್ಲ. ಹೊಸದನ್ನು ಹಿಂದಿನ ರೂಮಿನಲ್ಲಿಟ್ಟು ಹಾಲ್‌ನಿಂದ ಕೇಬಲ್ ಎಳೆಸಿದ್ದೇವೆ. ಮೊದಲು ವ್ಯಾನ್ ಅಂತ ಬರೆದಿರುವ ನೀಲಿ ಪೋರ್ಟ್‌ಗೆ ಹಾಕಿದಾಗ ನೆಟ್ಟೇ ಬರಲಿಲ್ಲ. ಎಲೆಕ್ಟ್ರಿಷಿಯನ್ ಅಣ್ಣ ಪಕ್ಕದ ಹಳದಿ ಪೋರ್ಟ್‌ಗೆ ಹಾಕಿದ ಮೇಲೆ ಬಂತು.

ಈಗ ನನ್ನ ಫೋನಿನಲ್ಲಿ ಐಪಿ 192.168.1.5, ಗೇಟ್‌ವೇ 192.168.1.1. ಒಂದು ವಿಚಿತ್ರ ಅಂದರೆ ಬ್ರೌಸರ್‌ನಲ್ಲಿ 192.168.1.1 ಹೊಡೆದರೆ ಒಮ್ಮೆ ಹೊಸ ರೌಟರ್ ಪುಟ ಬರುತ್ತದೆ, ಇನ್ನೊಮ್ಮೆ ಹಾಲ್‌ನ ಡಬ್ಬದ ಪುಟ ಬರುತ್ತದೆ. ಇದು ಮುಖ್ಯವಾ ಗೊತ್ತಿಲ್ಲ.

ಪದ್ಮನಾಭನಗರ_ಪಿಂಗ್
ಅದೇ ಮುಖ್ಯ. ಇಡೀ ಸಮಸ್ಯೆ ಅದೊಂದೇ ಸಾಲಿನಲ್ಲಿದೆ.

ನಿಮ್ಮ ಹಾಲ್‌ನ ಡಬ್ಬ ಬರೀ ಫೈಬರ್ ಮೋಡೆಮ್ ಅಲ್ಲ, ಅದೂ ಒಂದು ಪೂರ್ತಿ ರೌಟರ್. ಅದರ ಅಡ್ರೆಸ್ 192.168.1.1. ನಿಮ್ಮ ಹೊಸ ರೌಟರ್ ಕೂಡ ಕಾರ್ಖಾನೆಯಿಂದ ಅದೇ ಅಡ್ರೆಸ್ ಹೊತ್ತು ಬಂದಿದೆ. ಒಂದೇ ರಸ್ತೆಯಲ್ಲಿ ಎರಡು ಮನೆಗೆ ಒಂದೇ ಡೋರ್ ನಂಬರ್ ಕೊಟ್ಟಂತೆ ಆಗಿದೆ. ನಿಮ್ಮ ಫೋನ್ "192.168.1.1 ಯಾರು?" ಅಂತ ಕೂಗಿದರೆ ಎರಡೂ "ನಾನೇ" ಅನ್ನುತ್ತವೆ. ಹಾಲ್‌ನ ಡಬ್ಬದ ಉತ್ತರ ಹಿಡಿದರೆ ನೆಟ್ ಬರುತ್ತದೆ. ಹೊಸ ರೌಟರ್ ಉತ್ತರ ಹಿಡಿದರೆ ಬರುವುದಿಲ್ಲ, ಯಾಕೆಂದರೆ ಅದರ ನೀಲಿ ಪೋರ್ಟ್ ಖಾಲಿ ಇದೆ, ಹೊರಗೆ ಹೋಗಲು ಅದಕ್ಕೆ ದಾರಿಯೇ ಇಲ್ಲ. ವೈಫೈ ಆಫ್ ಮಾಡಿ ಆನ್ ಮಾಡಿದಾಗ ಫೋನ್ ಹೊಸದಾಗಿ ಕೇಳುತ್ತದೆ, ಆಗ ಬೇರೆ ಉತ್ತರ ಸಿಗಬಹುದು. ಒಮ್ಮೊಮ್ಮೆ ಸರಿಹೋಗುತ್ತಿರುವುದು ಅದಕ್ಕೇ.

ನೀಲಿ ಪೋರ್ಟ್‌ಗೆ ಹಾಕಿದಾಗ ನೆಟ್ ಬರದಿದ್ದುದಕ್ಕೂ ಇದೇ ಕಾರಣ. ರೌಟರ್‌ಗೆ ಒಳಗಡೆಯೂ 192.168.1, ಹೊರಗಡೆಯೂ 192.168.1. ಯಾವುದನ್ನು ಯಾವ ಕಡೆ ಕಳಿಸಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. ಕೆಲವು ರೌಟರ್‌ಗಳು ಇದನ್ನು ಗುರುತಿಸಿ ತಾವೇ ಅಡ್ರೆಸ್ ಬದಲಾಯಿಸಿಕೊಳ್ಳುತ್ತವೆ, ಎಲ್ಲವೂ ಅಲ್ಲ. ಎಲೆಕ್ಟ್ರಿಷಿಯನ್ ಪೋರ್ಟ್ ಬದಲಾಯಿಸಿದ್ದು ತಪ್ಪೇನಲ್ಲ, ಅರ್ಧ ಕೆಲಸ ಅಷ್ಟೇ.

ಇದಲ್ಲದೆ ಎರಡೂ ಡಬ್ಬಗಳು ಡಿಎಚ್‌ಸಿಪಿ ಇಟ್ಟುಕೊಂಡು ಅಡ್ರೆಸ್ ಹಂಚುತ್ತಿವೆ. ಒಂದು ಕೊಟ್ಟಿದ್ದು ಇನ್ನೊಂದಕ್ಕೆ ಗೊತ್ತಿಲ್ಲ. ನಿಮ್ಮ ಫೋನಿಗೂ ಟಿವಿಗೂ ಒಂದೇ ಅಡ್ರೆಸ್ ಹೋಗಿರಲಿಕ್ಕೂ ಸಾಕು.

ಮಲ್ಲೇಶ್ವರಂ_ಸಿಗ್ನಲ್
ಅದು ಇರಬಹುದು. ಆದರೂ ಚಾನೆಲ್ ಸರಿ ಮಾಡದೆ ಏನು ಮಾಡಿದರೂ ಸಂಜೆ ಹೊತ್ತು ತೊಂದರೆ ಇದ್ದೇ ಇರುತ್ತದೆ. ಸುತ್ತಮುತ್ತ ಎಷ್ಟು ನೆಟ್‌ವರ್ಕ್ ಕಾಣಿಸುತ್ತಿದೆ ಅಂತ ಅವರು ಇನ್ನೂ ಹೇಳಿಲ್ಲ.

ಪದ್ಮನಾಭನಗರ_ಪಿಂಗ್
ಸಾರ್, ಒಂದೇ ಅಡ್ರೆಸ್‌ಗೆ ಎರಡು ಪುಟ ಬರುತ್ತಿದೆ. ಇದಕ್ಕಿಂತ ಸಾಕ್ಷಿ ಬೇಕಾ? ಅನುಮಾನ ಇದ್ದರೆ ಲ್ಯಾಪ್‌ಟಾಪ್‌ನಲ್ಲಿ ಎಆರ್‌ಪಿ ಪಟ್ಟಿ (ಯಾವ ಐಪಿ ಯಾವ ಡಬ್ಬದ್ದು ಅನ್ನುವ ಪಟ್ಟಿ) ತೆಗೆಸಿ ನೋಡೋಣ. ನೆಟ್ ಇದ್ದಾಗ 192.168.1.1ರ ಎದುರಿಗೆ ಒಂದು ಮ್ಯಾಕ್ ನಂಬರ್ (ಡಬ್ಬಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು), ಇಲ್ಲದಿದ್ದಾಗ ಇನ್ನೊಂದು ಇರುತ್ತದೆ. ಡಬ್ಬಗಳ ಕೆಳಗಿನ ಸ್ಟಿಕ್ಕರ್ ಜೊತೆ ತಾಳೆ ನೋಡಿದರೆ ಯಾವುದು ಯಾರದ್ದು ಅಂತ ಗೊತ್ತಾಗುತ್ತದೆ.

ಹಂಪಿನಗರ_2ನೇಮಹಡಿ
ತಮ್ಮ ನೋಡಿದ. ನೀವು ಹೇಳಿದ ಹಾಗೇ ಇದೆ. ಈಗ ನೆಟ್ ಇಲ್ಲ, ಅಲ್ಲಿರುವ ನಂಬರ್ ಹೊಸ ರೌಟರ್ ಸ್ಟಿಕ್ಕರ್‌ಗೆ ಹೊಂದುತ್ತಿದೆ, ಕೊನೆಯ ಒಂದು ಅಂಕಿ ಮಾತ್ರ ಬೇರೆ.

ಪದ್ಮನಾಭನಗರ_ಪಿಂಗ್
ಕೊನೆಯ ಅಂಕಿ ಬೇರೆ ಇರುವುದು ಸಹಜ. ವ್ಯಾನ್ (ಹೊರಗಿನ ಕಡೆ), ಲ್ಯಾನ್ (ಮನೆಯೊಳಗಿನ ಕಡೆ), ವೈಫೈ ಒಂದೊಂದಕ್ಕೂ ಒಂದೊಂದು ಮ್ಯಾಕ್ ಕೊಟ್ಟಿರುತ್ತಾರೆ.

ಈಗ ಹೀಗೆ ಮಾಡಿ. ಮೊದಲು ಹಾಲ್‌ನಿಂದ ಬರುವ ಕೇಬಲ್ ಕಿತ್ತಿಡಿ. ಲ್ಯಾಪ್‌ಟಾಪನ್ನು ಹೊಸ ರೌಟರ್‌ಗೆ ಮಾತ್ರ ಸೇರಿಸಿ. ಈಗ 192.168.1.1 ಅಂದರೆ ಹೊಸದರ ಪುಟ ಮಾತ್ರ ಬರುತ್ತದೆ. ಅದರಲ್ಲಿ ಆಪರೇಷನ್ ಮೋಡ್ ಎಲ್ಲಿದೆ ಹುಡುಕಿ, ಆ್ಯಕ್ಸೆಸ್ ಪಾಯಿಂಟ್ ಅಂತ ಇದ್ದರೆ ಆರಿಸಿ ಸೇವ್ ಮಾಡಿ. ಸಾಮಾನ್ಯವಾಗಿ ಉಳಿದದ್ದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ.

ಆ ಮೋಡ್ ಇಲ್ಲದಿದ್ದರೆ ಕೈಯಿಂದಲೇ ಮಾಡಬೇಕು. ಲ್ಯಾನ್ ಸೆಟ್ಟಿಂಗ್‌ನಲ್ಲಿ ಅಡ್ರೆಸ್ 192.168.1.250 ಅಂತ ಬದಲಾಯಿಸಿ. ಸೇವ್ ಒತ್ತಿದ ತಕ್ಷಣ ಪುಟ ನಿಂತುಹೋಗುತ್ತದೆ, ಗಾಬರಿ ಬೇಡ. ಹೊಸ ಅಡ್ರೆಸ್ ಹೊಡೆದು ಮತ್ತೆ ಒಳಗೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿ. ಈ ಕ್ರಮ ತಪ್ಪಬೇಡಿ. ಡಿಎಚ್‌ಸಿಪಿ ಮೊದಲು ಆಫ್ ಮಾಡಿದರೆ ಲ್ಯಾಪ್‌ಟಾಪ್‌ಗೆ 169.254 ಅಂತ ಶುರುವಾಗುವ ಅಡ್ರೆಸ್ ಬಂದು ರೌಟರ್ ಪುಟವೇ ತೆರೆಯದೆ ಹೋಗಬಹುದು. ಆಮೇಲೆ ಹಾಲ್‌ನ ಕೇಬಲ್ ಮತ್ತೆ ಹಳದಿ ಪೋರ್ಟ್‌ಗೇ ಹಾಕಿ.

250 ಅಂದಿದ್ದಕ್ಕೆ ಕಾರಣ ಇದೆ. ಹಾಲ್‌ನ ಡಬ್ಬ ಹಂಚುವ ಪಟ್ಟಿಯ ಒಳಗಿನ ನಂಬರ್ ಕೊಡಬಾರದು. ಕೆಲವು ಡಬ್ಬಗಳು 2ರಿಂದಲೇ ಹಂಚಲು ಶುರು ಮಾಡುತ್ತವೆ. ಅದರ ಪುಟದಲ್ಲಿ ಪಟ್ಟಿ 254ರವರೆಗೆ ಇದ್ದರೆ 200ಕ್ಕೆ ಇಳಿಸಿಬಿಡಿ.

ಜೆಪಿನಗರ_ಬ್ರಿಡ್ಜ್
ಇದೆಲ್ಲ ತೇಪೆ ಹಾಕುವ ಕೆಲಸ. ಸರಿಯಾದ ದಾರಿ ಅಂದರೆ ಹಾಲ್‌ನ ಡಬ್ಬವನ್ನು ಬ್ರಿಡ್ಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ನೆಟ್ ದಾಟಿಸುವುದಷ್ಟೇ) ಹಾಕಿಸಿ, ಕಂಪನಿಯ ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್ ಹೆಸರು, ಪಾಸ್‌ವರ್ಡ್ ಹೊಸ ರೌಟರ್‌ನಲ್ಲಿ ಹಾಕುವುದು. ಕಂಪನಿಯವರು ಲೈನಿಗೆ ಇಟ್ಟಿರುವ ವಿಲ್ಯಾನ್ ನಂಬರ್ ಕೇಳಿಕೊಳ್ಳಿ, ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗಾತ್ರ) 1492 ಇಡಿ. ಕಂಪನಿಯವರ ಅಗ್ಗದ ಡಬ್ಬದಿಂದ ರೌಟರ್ ಕೆಲಸ ಮಾಡಿಸಬಾರದು.

ಪದ್ಮನಾಭನಗರ_ಪಿಂಗ್
ಯಾರಿಗೆ ಯಾವುದು ಬೇಕೋ ಅದು. ಅವರ ಹೊಸ ರೌಟರ್ ಇರುವುದು ಹಿಂದಿನ ರೂಮಿನಲ್ಲಿ. ಬ್ರಿಡ್ಜ್ ಮಾಡಿದರೆ ಸಾಮಾನ್ಯವಾಗಿ ಹಾಲ್‌ನ ವೈಫೈ ಉಪಯೋಗಕ್ಕೆ ಬರುವುದಿಲ್ಲ. ಆಮೇಲೆ ಹಾಲ್‌ಗೆ ಇನ್ನೊಂದು ರೌಟರ್ ತರಬೇಕು. ಲ್ಯಾಂಡ್‌ಲೈನ್ ಅದೇ ಡಬ್ಬದಿಂದ ಬರುತ್ತಿದ್ದರೆ ಅದಕ್ಕೂ ತೊಂದರೆ ಆಗಬಹುದು. ಅವರಿಗೆ ಬೇಕಿರುವುದು ಮೀಟಿಂಗ್ ಕಟ್ ಆಗದ ನೆಟ್.

ಜೆಪಿನಗರ_ಬ್ರಿಡ್ಜ್
ಊರಿಂದ ಮನೆ ಕ್ಯಾಮೆರಾ ನೋಡಲು ಪೋರ್ಟ್ (ಹೊರಗಿನಿಂದ ಒಳಗೆ ಬರುವ ದಾರಿ) ತೆರೆಯಬೇಕು ಅಂದರೆ ಏನು ಮಾಡುತ್ತೀರಿ?

ಪದ್ಮನಾಭನಗರ_ಪಿಂಗ್
ರೌಟರ್‌ನ ವ್ಯಾನ್ ಐಪಿ 100.64ರಿಂದ 100.127ರ ಒಳಗಿದ್ದರೆ ಬ್ರಿಡ್ಜ್ ಮಾಡಿದರೂ ಹೊರಗಿನಿಂದ ಒಳಗೆ ಬರಲಾಗುವುದಿಲ್ಲ. ಒಂದೇ ಪಬ್ಲಿಕ್ ಐಪಿಯನ್ನು ತುಂಬಾ ಮನೆಗಳಿಗೆ ಹಂಚಲು 2012ರಲ್ಲಿ ಬೇರೆಯಾಗಿ ಎತ್ತಿಟ್ಟ ಅಡ್ರೆಸ್‌ಗಳು ಅವು. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಖಂಡಿತ ಬರುತ್ತೇನೆ. ಇಲ್ಲಿ ಬೇಡ.

ಹಂಪಿನಗರ_2ನೇಮಹಡಿ
ಆಯ್ತು! ಆ್ಯಕ್ಸೆಸ್ ಪಾಯಿಂಟ್ ಮೋಡ್ ಇರಲಿಲ್ಲ, ಕೈಯಿಂದಲೇ ಮಾಡಿದೆವು. 250 ಕೊಟ್ಟೆವು. ಈಗ 192.168.1.1 ಅಂದರೆ ಪ್ರತಿ ಸಲ ಹಾಲ್‌ನ ಡಬ್ಬವೇ ಬರುತ್ತದೆ. ನನ್ನ ಫೋನ್, ಲ್ಯಾಪ್‌ಟಾಪ್, ಟಿವಿ ಎಲ್ಲದಕ್ಕೂ ನೆಟ್ ಇದೆ. ಇವತ್ತು ಪೂರ್ತಿ ಮೀಟಿಂಗ್‌ನಲ್ಲಿ ಕಟ್ ಆಗಲಿಲ್ಲ. ತುಂಬಾ ಥ್ಯಾಂಕ್ಸ್ ಸಾರ್.

ಇನ್ನೊಂದು ಪ್ರಶ್ನೆ. ಪ್ಲಾನ್ 200 ಎಂಬಿಪಿಎಸ್. ಹಾಲ್‌ನಲ್ಲಿ ಅಷ್ಟೂ ಬರುತ್ತದೆ. ಹಿಂದಿನ ರೂಮಿನಲ್ಲಿ 94 ದಾಟುವುದೇ ಇಲ್ಲ. ಎರಡು ಕಡೆ ವೈಫೈ ಹೆಸರು ಬೇರೆ ಬೇರೆ ಇದೆ, ಅದನ್ನೂ ಏನಾದರೂ ಮಾಡಬಹುದಾ?

ಪದ್ಮನಾಭನಗರ_ಪಿಂಗ್
ಎರಡೂ ಕಡೆ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಬಗೆ ಒಂದೇ ಇಡಿ. ಹಾಲ್‌ನಿಂದ ರೂಮಿಗೆ ನಡೆದಾಗ ಫೋನ್ ತಾನೇ ಬದಲಾಯಿಸಿಕೊಳ್ಳುತ್ತದೆ. ಚಾನೆಲ್ ಮಾತ್ರ ಬೇರೆ ಇರಲಿ. ಹಾಲ್‌ಗೆ 1, ರೂಮಿಗೆ 11. ಮಲ್ಲೇಶ್ವರಂ ಸಾರ್ ಹೇಳಿದ ಮಾತು ಇಲ್ಲಿ ನಿಜವಾಗಲೂ ಕೆಲಸಕ್ಕೆ ಬರುತ್ತದೆ.

ಮಲ್ಲೇಶ್ವರಂ_ಸಿಗ್ನಲ್
ಮೊದಲಿನಿಂದ ಅದನ್ನೇ ಹೇಳುತ್ತಿದ್ದೇನೆ.

ಎಸ್‌ಪಿ_ರೋಡ್_ಗಿರಾಕಿ
94ರಲ್ಲಿ ನಿಂತರೆ ಅದು ಕೇಬಲ್ ಅಥವಾ ಪೋರ್ಟ್. 100 ಎಂಬಿಪಿಎಸ್ ಲಿಂಕ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಹೆಚ್ಚು ಕಡಿಮೆ ಅಷ್ಟೇ ತೋರಿಸುವುದು. ಮೊದಲು ರೌಟರ್ ಬಾಕ್ಸ್ ಮೇಲೆ ಪೋರ್ಟ್ 10/100 ಅಂತ ಇದೆಯಾ, ಗಿಗಾಬಿಟ್ ಅಂತ ಇದೆಯಾ ನೋಡಿ. ಗಿಗಾಬಿಟ್ ಆದರೆ ಕೇಬಲ್ ತುದಿಯ ಪಾರದರ್ಶಕ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ 8 ಎಳೆ ಇರಬೇಕು. ಎಷ್ಟೋ ಕಡೆ 4 ಎಳೆ ಮಾತ್ರ ಹಾಕಿ ಒತ್ತಿರುತ್ತಾರೆ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು.

ಹಂಪಿನಗರ_2ನೇಮಹಡಿ
ಬಾಕ್ಸ್ ಮೇಲೆ ಗಿಗಾಬಿಟ್ ಅಂತ ಇದೆ. ಕನೆಕ್ಟರ್ ಒಳಗೆ ಕಿತ್ತಳೆ, ಹಸಿರು ಜೋಡಿ ಕಾಣಿಸುತ್ತಿದೆ. ನೀಲಿ, ಕಂದು ಎಳೆಗಳನ್ನು ಹೊರಗೇ ಕತ್ತರಿಸಿಬಿಟ್ಟಿದ್ದಾರೆ.

ಎಸ್‌ಪಿ_ರೋಡ್_ಗಿರಾಕಿ
ಸಿಕ್ಕಿತು. ಎರಡೂ ತುದಿ ಕತ್ತರಿಸಿ ಹೊಸದಾಗಿ ಒತ್ತಿಸಿ. ಕನೆಕ್ಟರ್‌ನ ಕ್ಲಿಪ್ ಕೆಳಗಿರುವಂತೆ ಹಿಡಿದು ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ಕಡೆ ಇದೇ ಕ್ರಮ. ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕನೆಕ್ಟರ್ ಒತ್ತುವ ಕ್ರಿಂಪಿಂಗ್ ಟೂಲೂ ಸಿಗುತ್ತದೆ, ಟೆಸ್ಟರೂ ಸಿಗುತ್ತದೆ. ತಮ್ಮನಿಗೆ ಆಸಕ್ತಿ ಇದ್ದರೆ ಕಲಿಯಲಿ, ಒಂದು ಸಂಜೆಯ ಕೆಲಸ.

ಕೆಂಗೇರಿ_ಕಾಂಡ್ಯೂಟ್
ನಾನು ಕ್ರಿಂಪ್ ಮಾಡುವುದೇ ಇಲ್ಲ. ಗೋಡೆಗೆಲ್ಲ ಕೀಸ್ಟೋನ್ ಜ್ಯಾಕ್ (ನೆಟ್ ಕೇಬಲ್ ಸಾಕೆಟ್) ಹಾಕಿಸಿ, ಕಾರ್ಖಾನೆಯ ಪ್ಯಾಚ್ ಕೇಬಲ್ ಬಳಸುತ್ತೇನೆ. ಫೋಟೋ ಕೇಳಿದ್ದರಲ್ಲ, ಭಾನುವಾರ ಹಾಕುತ್ತೇನೆ.

ಎಚ್ಎಸ್ಆರ್_ಹೊಸಬ
ನನಗೂ ಇದೇ ಸಮಸ್ಯೆ! ನೆನ್ನೆ ರಾತ್ರಿಯ ಮಳೆ ಆದಮೇಲೆ ನೆಟ್ ಇಲ್ಲ. ಡಬ್ಬದಲ್ಲಿ ಎಲ್ಒಎಸ್ ಅಂತ ಕೆಂಪು ದೀಪ ಮಿನುಗುತ್ತಿದೆ. ನಾನೂ 250 ಕೊಡಬೇಕಾ?

ಪದ್ಮನಾಭನಗರ_ಪಿಂಗ್
ಬೇಡ, ಯಾವ ಸೆಟ್ಟಿಂಗೂ ಮುಟ್ಟಬೇಡಿ. ಎಲ್ಒಎಸ್ ಕೆಂಪಾದರೆ ಫೈಬರ್‌ನಲ್ಲಿ ಬೆಳಕೇ ನಿಮ್ಮ ಡಬ್ಬಕ್ಕೆ ತಲುಪುತ್ತಿಲ್ಲ. ಡಬ್ಬಕ್ಕೆ ಬರುವ ತೆಳು ಫೈಬರ್ ವೈರ್ ಎಲ್ಲಾದರೂ ಮಡಚಿಕೊಂಡಿದೆಯಾ, ಸೋಫಾ ಕಾಲಿಗೆ ಸಿಕ್ಕಿದೆಯಾ ನೋಡಿ. ತುದಿ ಬಿಚ್ಚಿದರೆ ಕಣ್ಣಿನ ನೇರಕ್ಕೆ ಹಿಡಿಯಬೇಡಿ, ಅದರೊಳಗಿನ ಬೆಳಕು ಕಾಣಿಸದಿದ್ದರೂ ಕಣ್ಣಿಗೆ ತೊಂದರೆ ಆಗಬಹುದು. ಹೊರಗೆ ಮರದ ಕೊಂಬೆ ಬಿದ್ದು ವೈರ್ ಹರಿದಿದ್ದರೆ ಕಂಪನಿಯವರೇ ಬಂದು ಜೋಡಿಸಬೇಕು. ಕಂಪ್ಲೇಂಟ್ ಕೊಡುವಾಗ "ನೆಟ್ ಇಲ್ಲ" ಅನ್ನಬೇಡಿ, "ಎಲ್ಒಎಸ್ ಕೆಂಪು" ಅಂತಲೇ ಹೇಳಿ, ರೀಸ್ಟಾರ್ಟ್ ಮಾಡಿ ನೋಡಿ ಅನ್ನುವ ಮಾತು ತಪ್ಪುತ್ತದೆ.