ಎಂಟೊನಾಕ್ಸ್ ಕೊಟ್ರೂ ಪೇಷಂಟ್‌ಗೆ ನೋವು ಇಳಿಲಿಲ್ಲ, ನಮಗೇ ತಲಿ ತಿರುಗ್ತು

ಮಾನ್ವಿ_ಸ್ಟಾಫ್‌ನರ್ಸ್:
ನಮಸ್ಕಾರ್ರಿ. ಖಾಸಗಿ ಆಂಬುಲೆನ್ಸ್‌ನಾಗ ಕೆಲಸ ಮಾಡ್ತೀನಿ. ನಮ್ಮ ಗಾಡಿಗೆ ಹೊಸದಾಗಿ ಎಂಟೊನಾಕ್ಸ್ (ಉಸಿರಾಗ ಎಳ್ಕೊಂಡ್ರ ನೋವು ಇಳಿಸೋ ಗ್ಯಾಸ್) ಸಿಲಿಂಡರ್ ಬಂದದ. ಮೊನ್ನೆ ಸಿಂಧನೂರು ಹತ್ರ ಟ್ರ್ಯಾಕ್ಟರ್ ಪಲ್ಟಿ ಆಗಿ ಒಬ್ಬ ಹಿರಿಯರಿಗೆ ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ಮಾಸ್ಕ್ ಇಟ್ಟೆ, ಉಸಿರು ಎಳದ್ರೂ ವಾಲ್ವ್ ಸದ್ದೇ ಬರಲಿಲ್ಲ. ಗೇಜ್ ಮುಳ್ಳು ಫುಲ್ ತೋರಿಸ್ತಿತ್ತು. ಟೆಸ್ಟ್ ಬಟನ್ ಒತ್ತಿದ್ರ ಮಾತ್ರ ಸುಯ್ ಅಂತ ಗ್ಯಾಸ್ ಬರ್ತಿತ್ತು. ಹಂಗಾಗಿ ದಾರಿ ತುಂಬ ಅದನ್ನ ಒತ್ತಿ ಹಿಡಿದೆ. ರಾಯಚೂರು ಮುಟ್ಟೋತನ ಅವರು ನರಳಿದ್ರು. ನನಗೂ ಅವರ ಮಗನಿಗೂ ತಲಿ ಗಿರ್ರ್ ಅಂತು. ಹೊರಗ 42 ಡಿಗ್ರಿ ಇತ್ತು, ಎಸಿ ಹಾಕಿ ಕಿಟಕಿ ಮುಚ್ಚಿದ್ವಿ. ಬಿಸಲಿಗೆ ಗ್ಯಾಸ್ ಕೆಟ್ಟಿರಬಹುದಾ?

ಬಳ್ಳಾರಿ_ಅರಿವಳಿಕೆ:
ಸಿಸ್ಟರ್, ಮಾಸ್ಕ್ ಹಿಡಿದದ್ದು ಯಾರು? ಪೇಷಂಟ್‌ಗೆ ಮೀಸೆ ದಪ್ಪ ಇತ್ತಾ?

ಮಾನ್ವಿ_ಸ್ಟಾಫ್‌ನರ್ಸ್:
ಮಗ ಹಿಡಿದಿದ್ದ ಸರ್. ಮೀಸಿ ದಪ್ಪ, ಮುಂದಿನ ಹಲ್ಲೂ ಇರಲಿಲ್ಲ.

ಬಳ್ಳಾರಿ_ಅರಿವಳಿಕೆ:
ಹಾಗಾದರೆ ಗ್ಯಾಸ್ ಕೆಟ್ಟಿಲ್ಲ. ಇದು ಡಿಮ್ಯಾಂಡ್ ವಾಲ್ವ್. ಪೇಷಂಟ್ ಉಸಿರೆಳೆದಾಗ ಒಳಗೆ ಒತ್ತಡ ಸ್ವಲ್ಪ ಇಳಿಯಬೇಕು, ಆಗಲೇ ಅದು ತೆರೆಯುತ್ತದೆ. ಮೀಸೆ, ಒಳಗೆ ಹೋದ ಕೆನ್ನೆ, ಎರಡೂ ಸೇರಿ ಅಂಚಿನಲ್ಲಿ ಸಂದಿ ಬಿಟ್ಟಿವೆ. ಅವರು ಎಳೆದದ್ದೆಲ್ಲ ಹೊರಗಿನ ಗಾಳಿ. ನೀವು ಬಟನ್ ಒತ್ತಿದಾಗ ಗ್ಯಾಸ್ ಅದೇ ಸಂದಿಯಿಂದ ಮುಚ್ಚಿದ ಗಾಡಿಗೆ ತುಂಬಿತು. ನಿಮ್ಮ ತಲೆ ತಿರುಗಿದ್ದು ಅದಕ್ಕೇ.

ಇಂಥವರಿಗೆ ಮಾಸ್ಕ್ ಬಿಟ್ಟು ಮೌತ್‌ಪೀಸ್ ಕೊಡಿ. ತುಟಿ ಬಿಗಿ ಹಿಡಿದು ಬಾಯಿಂದ ಎಳೆಯಲಿ, ಬೇಕಾದರೆ ಮೂಗು ಒತ್ತಿಕೊಳ್ಳಲಿ. ಕಾಲು ಕಟ್ಟುವುದಕ್ಕೆ 2 ನಿಮಿಷ ಮೊದಲೇ ಶುರು ಮಾಡಿ. ಬಿಟ್ಟರೆ ಕೆಲವೇ ನಿಮಿಷದಲ್ಲಿ ಪರಿಣಾಮ ಇಳಿಯುತ್ತದೆ, ಹಾಗಾಗಿ ಎತ್ತುವಾಗ, ಇಳಿಸುವಾಗ ಮತ್ತೆ ಎಳೆಯಲು ಹೇಳಿ.

ದಯವಿಟ್ಟು ಇನ್ನು ಮುಂದೆ ಮಗನ ಕೈಗೂ, ನಿಮ್ಮ ಕೈಗೂ ಬೇಡ. ಪೇಷಂಟೇ ಹಿಡಿಯಬೇಕು. ಮಂಪರು ಬಂದರೆ ಕೈ ಸಡಿಲಾಗಿ ಜಾರುತ್ತದೆ, ಗ್ಯಾಸ್ ತಾನೇ ನಿಲ್ಲುತ್ತದೆ. ಅವರ ರಕ್ಷಣೆ ಇರುವುದೇ ಅದರಲ್ಲಿ. ಮಾಸ್ಕ್ ಕಟ್ಟಿ ಬಿಟ್ಟರೆ, ಬಟನ್ ಒತ್ತಿ ಹಿಡಿದರೆ ಅದು ಹೋಗಿಬಿಡುತ್ತದೆ.

ಟ್ರ್ಯಾಕ್ಟರ್ ಕೇಸ್ ಅಂದಿರಿ, ನನಗೆ ಅದೇ ಚಿಂತೆ. ಸ್ಟೀರಿಂಗ್ ಎದೆಗೆ ಬಡಿದಿದ್ದರೆ ಮೊದಲು ಎದೆ ನೋಡಿ. ಶ್ವಾಸಕೋಶದ ಹೊರಗೆ ಗಾಳಿ ಸೇರಿದ್ದರೆ ಎಂಟೊನಾಕ್ಸ್‌ನಲ್ಲಿರುವ ನೈಟ್ರಸ್ ಆಕ್ಸೈಡ್ ಅದರೊಳಗೆ ನುಗ್ಗಿ ಹಿಗ್ಗಿಸುತ್ತದೆ. ಪ್ರಾಣಕ್ಕೇ ಬರಬಹುದು. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪುತ್ತಿದ್ದರೂ, ಕರುಳು ಕಟ್ಟಿದ್ದರೂ ಕೊಡಬೇಡಿ.

ಕೊಪ್ಪಳ_ಬಯೋಮೆಡಿಕಲ್:
ಬಿಸಲಿನ ಪ್ರಶ್ನೆಗೆ ನಾನು ಹೇಳ್ತೀನಿ. ಅದರಾಗ ಅರ್ಧ ಆಕ್ಸಿಜನ್, ಅರ್ಧ ನೈಟ್ರಸ್. ಎರಡೂ ಬೇರೆ ಆಗೋದು ಚಳಿಗೆ, ಸುಮಾರು ಮೈನಸ್ 6 ಡಿಗ್ರಿ ಕೆಳಗ. ಆವಾಗ ನೈಟ್ರಸ್ ದ್ರವ ಆಗಿ ತಳಕ್ಕ ಕೂಡ್ತದ, ಮೊದಲು ಆಕ್ಸಿಜನ್ ಖಾಲಿ ಆಗಿ ಕೊನಿಗೆ ಬರೇ ನೈಟ್ರಸ್ ಬರ್ತದ. ನಮ್ಮ ಸೀಮಿಗೆ ಆ ಭಯ ಇಲ್ಲ. ಆದ್ರ ಬಿಸಲಾಗ ಒತ್ತಡ ಏರ್ತದ, ನೆರಳಾಗ ಇಡ್ರಿ. ರೆಗ್ಯುಲೇಟರಿಗೆ ಎಣ್ಣಿ, ಗ್ರೀಸ್, ವ್ಯಾಸಲಿನ್ ಕೈ ತಾಗಿಸಬ್ಯಾಡ್ರಿ, ಬೆಂಕಿ ಹತ್ತಬಹುದು. ಎಸಿ ಹಾಕಿದ್ರೂ ಹೊರಗಿನ ಗಾಳಿ ಬರೋ ಕಡೆ ತಿರುಗಿಸ್ರಿ, ಎಕ್ಸಾಸ್ಟ್ ಫ್ಯಾನ್ ಇದ್ರ ಹಾಕ್ರಿ. ಪೇಷಂಟ್ ಬಿಡೋ ಉಸಿರಿನಾಗೂ ನೈಟ್ರಸ್ ಇರ್ತದ.

ಮಾನ್ವಿ_ಸ್ಟಾಫ್‌ನರ್ಸ್:
ಇವತ್ತು ಲಿಂಗಸುಗೂರು ದಾರಿಯಾಗ ಕೈ ಮುರಿದ ಒಬ್ಬ ಅಜ್ಜಿ. ಎದಿ, ತಲಿ ನೋಡಿ ಮೌತ್‌ಪೀಸ್ ಅಕೀ ಕೈಯಾಗೇ ಕೊಟ್ಟೆ. ನಾಕನೇ ಉಸಿರಿಗೆ ವಾಲ್ವ್ ಟಿಕ್ ಟಿಕ್ ಅಂತು ಸರ್. ಕೈಗೆ ಪಟ್ಟಿ ಕಟ್ಟುವಾಗ “ಜುಮ್ ಅಂತದ ಯವ್ವಾ, ಕಟ್ಟು” ಅಂದ್ಳು.