ಪೆರ್ಲದಿಂದ ರೋಮ್‌ಗೆ: ಎಫ್‌ಎಒ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದವರು ಯಾರಾದರೂ ಇದ್ದೀರಾ?

ಪೆರ್ಲದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಅಗ್ರಿ ಕೊನೆಯ ವರ್ಷದಲ್ಲಿದ್ದೇನೆ. ವಯಸ್ಸು 22. ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ತುಳು, ಕಾಲೇಜಿನಲ್ಲಿ ಮಲಯಾಳಂ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತಾಡುವಾಗ ತಡವರಿಸುತ್ತೇನೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒದ ರೋಮ್ ಕಚೇರಿಯಲ್ಲಿ ಇಂಟರ್ನ್ ಆಗಬೇಕೆಂದು ಎರಡು ವರ್ಷದಿಂದ ಆಸೆ. ಒಬ್ಬ ಏಜೆಂಟ್ 40 ಸಾವಿರ ಕೊಟ್ಟರೆ ಸೀಟು ಗ್ಯಾರಂಟಿ ಎನ್ನುತ್ತಿದ್ದಾನೆ. ಈ ಸಲದ ಅಡಿಕೆ ಕೊಟ್ಟ ದುಡ್ಡು ಇದೆ, ಅದರಲ್ಲೇ ಕಟ್ಟೋಣ ಅಂತ ಅಪ್ಪ ಹೇಳುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಾಯಾರಿನವ:

ಮೊದಲು ಆ 40 ಸಾವಿರದ ವಿಷಯ. ಒಂದು ರೂಪಾಯಿಯೂ ಕೊಡಬೇಡಿ. ಅರ್ಜಿಗಾಗಲಿ, ಸಂದರ್ಶನಕ್ಕಾಗಲಿ ಎಫ್‌ಎಒ ದುಡ್ಡು ಕೇಳುವುದಿಲ್ಲ. ಸೀಟು ಅನ್ನುವುದೇ ಅಲ್ಲಿ ಇಲ್ಲ. ಅಪ್ಪನಿಗೆ ಇವತ್ತೇ ಹೇಳಿ.

ನಾನು ರೋಮ್‌ನಲ್ಲಿ ಆರು ತಿಂಗಳು ಇಂಟರ್ನ್ ಆಗಿದ್ದೆ. ನಿಯಮಗಳು ಕಷ್ಟದ್ದಲ್ಲ. ವಯಸ್ಸು 21ರಿಂದ 30. ಡಿಗ್ರಿ ಓದುತ್ತಿರಬೇಕು, ಇಲ್ಲವೇ ಇತ್ತೀಚೆಗೆ ಮುಗಿಸಿರಬೇಕು. ಅವಧಿ 3ರಿಂದ 11 ತಿಂಗಳು. ಒಳಗೆ ಹತ್ತಿರದ ಸಂಬಂಧಿಕರು ಕೆಲಸದಲ್ಲಿ ಇರಬಾರದು. ಅರ್ಜಿಯೆಲ್ಲ ಆನ್‌ಲೈನ್. ಎಲ್ಲರ ಅರ್ಜಿಯೂ ಒಂದು ಪಟ್ಟಿಗೆ ಹೋಗುತ್ತದೆ. ಜನ ಬೇಕಾದ ವಿಭಾಗದವರು ಅದರಿಂದ ಆರಿಸಿ ಕರೆಯುತ್ತಾರೆ. ಹಾಗಾಗಿ ತಿಂಗಳುಗಟ್ಟಲೆ ಸುದ್ದಿಯೇ ಇರದಿದ್ದರೂ ಗಾಬರಿ ಬೇಡ.

ನಿಜವಾದ ಕೆಲಸ ಇರುವುದು ಪತ್ರದಲ್ಲಿ. ಯಾಕೆ ಬರಬೇಕೆಂದಿದ್ದೀರಿ ಎಂದು ಬರೆಯುವ ಪತ್ರ. ನಾನು ಮೊದಲ ವರ್ಷ ಜಗತ್ತಿನ ಹಸಿವು, ಹವಾಮಾನ ಬದಲಾವಣೆ, ಯುವಜನರ ಪಾತ್ರ ಅಂತೆಲ್ಲ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಎರಡನೇ ವರ್ಷ ನಮ್ಮ ಮನೆಯ ಸುರಂಗದ ಬಗ್ಗೆ ಬರೆದೆ.

ಇಲ್ಲಿ ಓದುವ ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಸುರಂಗ ಅಂದರೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ನೀರಿನ ದಾರಿ. ಅಜ್ಜ ಮತ್ತು ಇನ್ನೊಬ್ಬರು ಸೇರಿ ಮೇಣದಬತ್ತಿ ಇಟ್ಟುಕೊಂಡು ಪಿಕ್ಕಾಸಿನಲ್ಲಿ ತೋಡಿದ್ದು. ಬತ್ತಿ ಮಂಕಾದರೆ ಒಳಗೆ ಉಸಿರಾಡಲು ಗಾಳಿ ಕಡಿಮೆ ಎಂದು ಹೊರಗೆ ಬರುತ್ತಿದ್ದರಂತೆ. ಬಾಗಿಕೊಂಡೇ ಒಳಗೆ ಹೋಗಬೇಕು. ಕಲ್ಲಿನಿಂದ ಒಸರುವ ನೀರು ಅಡಿಕೆಮರದ ದಂಬೆಯಲ್ಲಿ ಹರಿದು ಅಂಗಳದ ಟಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಸುತ್ತ ಬೋರ್‌ವೆಲ್ ಜಾಸ್ತಿಯಾದ ಮೇಲೆ ನೀರು ಕಡಿಮೆಯಾಯಿತು. ನಾನು ಮೊಬೈಲ್ ಹಿಡಿದು ಅಳೆದಿದ್ದೆ. ಡಿಸೆಂಬರಿನಲ್ಲಿ ಒಂದು ಕೊಡಪಾನ ತುಂಬಲು 2 ನಿಮಿಷ. ಏಪ್ರಿಲ್ ಕೊನೆಗೆ 11 ನಿಮಿಷ. ಅಷ್ಟನ್ನೇ ಬರೆದೆ.

ಸಂದರ್ಶನದಲ್ಲಿ ಅರ್ಧ ಸಮಯ ಈ ಕೊಡಪಾನದ ಬಗ್ಗೆಯೇ ಮಾತು. ಇರಾನಿನ ಕಾಶಾನ್‌ನಲ್ಲಿ ಕನಾತ್ ಎಂಬ ನೆಲದಡಿಯ ಕಾಲುವೆಗಳಿವೆ. ಅದು ಎಫ್‌ಎಒದ ಕೃಷಿ ಪರಂಪರೆಯ ಪಟ್ಟಿಯಲ್ಲಿದೆ. ನಮ್ಮ ಕೇರಳದ ಕುಟ್ಟನಾಡೂ ಅದೇ ಪಟ್ಟಿಯಲ್ಲಿದೆ. ನನ್ನನ್ನು ಕೇಳುತ್ತಿದ್ದವರಿಗೆ ಕನಾತ್ ಗೊತ್ತಿತ್ತು, ಸುರಂಗ ಗೊತ್ತಿರಲಿಲ್ಲ. ನನ್ನ ಇಂಗ್ಲಿಷ್ ಆಗಲೂ ಹರಕುಮುರುಕೇ. ಆದರೆ ಗೊತ್ತಿರುವುದನ್ನು ಹೇಳುವಾಗ ಮಾತು ತಾನಾಗಿ ಬರುತ್ತದೆ, ಅಲ್ವಾ?

ಈಗ ನಿಮ್ಮ ಊರು. ಪೆರ್ಲ ಅಂದರೆ ಎಣ್ಮಕಜೆ ಪಂಚಾಯತು. ಗೇರುತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸುರಿದ ನೆಲ ಅದು. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ಅದನ್ನು ಜಗತ್ತಿನಿಂದಲೇ ತೆಗೆಯುವ ತೀರ್ಮಾನವಾಯಿತು. ಅದೇ ವರ್ಷ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೂ ಸೇರಿತು. ಅಪಾಯಕಾರಿ ಕೀಟನಾಶಕ ಒಂದು ದೇಶಕ್ಕೆ ಹೋಗುವ ಮೊದಲು ಆ ದೇಶದ ಒಪ್ಪಿಗೆ ಕೇಳಬೇಕು ಎನ್ನುವ ಒಪ್ಪಂದ ಅದು. ಅದರ ಕಚೇರಿಯ ಒಂದು ಭಾಗ ಜಿನೀವಾದಲ್ಲಿ, ಇನ್ನೊಂದು ಭಾಗ ರೋಮ್‌ನ ಎಫ್‌ಎಒ ಕಟ್ಟಡದಲ್ಲೇ ಇದೆ. ನೀವು ಅರ್ಜಿ ಹಾಕಬೇಕಾದ ಬಾಗಿಲು ಅದೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಖರ್ಚು ಮುಚ್ಚಿಡುವುದಿಲ್ಲ. ನನಗೆ ಸಿಗುತ್ತಿದ್ದ ಸ್ಟೈಪೆಂಡ್ ತಿಂಗಳಿಗೆ 700 ಡಾಲರಿಗಿಂತ ಕಡಿಮೆ. ಇಬ್ಬರು ಹಂಚಿಕೊಂಡ ಕೋಣೆಗೆ ನನ್ನ ಪಾಲು 400 ಯುರೋ. ವಿಮಾನದ ಟಿಕೆಟ್ ನನ್ನದೇ, ಅತ್ತೆ ಸಾಲ ಕೊಟ್ಟಿದ್ದರು. ಕುಚ್ಚಲಕ್ಕಿ ಐದು ಕಿಲೋ ಕಟ್ಟಿಕೊಂಡು ಹೋಗಿದ್ದೆ.

ಮುಳ್ಳೇರಿಯಾದಿಂದ:

ಬಾಯಾರಿನವರು ಹೇಳಿದ್ದು ಸರಿ. ಆದರೆ ರೋಮ್ ಒಂದನ್ನೇ ಹಿಡಿದು ಕೂರಬೇಡಿ. ನಾನು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ನಾಲ್ಕು ತಿಂಗಳು ಇದ್ದೆ. ಒಣಭೂಮಿಯ ಬೆಳೆಗಳ ಸಂಶೋಧನೆಗೆ 1972ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಸಂಸ್ಥೆ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಅವರ ಮುಖ್ಯ ಬೆಳೆಗಳು. ಬೀಜ ಬ್ಯಾಂಕಿನಲ್ಲಿ 1 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಬಹಳ ಕಾಲ ಇಡುವ ಬೀಜಕ್ಕೆ ಮೈನಸ್ 20 ಡಿಗ್ರಿ ಚಳಿ. ನನ್ನ ಕೆಲಸ ಒದ್ದೆ ಕಾಗದದ ಮೇಲೆ ನೂರು ಸಜ್ಜೆ ಕಾಳು ಸಾಲಾಗಿ ಇಡುವುದು, ಸುರುಳಿ ಸುತ್ತುವುದು, ಕೆಲವು ದಿನ ಬಿಟ್ಟು ಎಷ್ಟು ಮೊಳಕೆ ಬಂತು ಎಂದು ಎಣಿಸುವುದು. ಬೇಜಾರಿನ ಕೆಲಸ ಅನಿಸಬಹುದು. ನನಗೆ ಹಾಗೆ ಅನಿಸಲೇ ಇಲ್ಲ. 30 ವರ್ಷ ಹಿಂದಿನ ಕಾಳು ಮೊಳಕೆಯೊಡೆದದ್ದನ್ನು ಕಂಡ ದಿನ ಊಟಕ್ಕೆ ಹೋಗುವುದೇ ಮರೆತಿದ್ದೆ.

ಇನ್ನೊಂದು ಮಾತು. ಅಮೆರಿಕದ ವಿಶ್ವ ಆಹಾರ ಪ್ರಶಸ್ತಿ ಸಂಸ್ಥೆಯವರು 1998ರಿಂದ ತಮ್ಮ ಹೈಸ್ಕೂಲ್ ಮಕ್ಕಳನ್ನು ಎಂಟು ವಾರ ಹೊರದೇಶದ ಸಂಶೋಧನಾ ಕೇಂದ್ರಗಳಿಗೆ ಕಳಿಸುತ್ತಾರೆ. ಅವರಲ್ಲಿ ಕೆಲವರು ಕೃಷಿ ವಿಜ್ಞಾನಿ ಎಂ. ಎಸ್. ಸ್ವಾಮಿನಾಥನ್ ಅವರ ಚೆನ್ನೈನ ಪ್ರತಿಷ್ಠಾನಕ್ಕೂ ಬಂದಿದ್ದಾರೆ. ಅಷ್ಟು ದೂರದಿಂದ ಅವರು ಕಲಿಯಲು ಬರುವುದು ನಮ್ಮ ಹಳ್ಳಿಗಳಿಗೆ. ನಮಗೆ ಮಾತ್ರ ನಮ್ಮ ಅಂಗಳ ಕಾಣುವುದಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದದ್ದು. ದಕ್ಷಿಣ ಏಷ್ಯಾದ ಅಂತಾರಾಷ್ಟ್ರೀಯ ತೆಂಗಿನ ತಳಿ ಸಂಗ್ರಹ ಸುಬ್ರಹ್ಮಣ್ಯದ ಹತ್ತಿರ ಕಿದುವಿನಲ್ಲಿದೆ. ಇನ್ನು ನಮ್ಮ ಬೆಳ್ಳೂರಿನ ಸತ್ಯನಾರಾಯಣ ಬೆಳೇರಿ 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದವರು. 2024ರಲ್ಲಿ ಪದ್ಮಶ್ರೀ ಬಂತು. ರಜೆಯಲ್ಲಿ ಇಂಥ ಕಡೆ ಒಂದು ತಿಂಗಳು ಕೆಲಸ ಮಾಡಿದ್ದರೆ ರೋಮ್‌ನ ಪತ್ರಕ್ಕೂ ತೂಕ ಬರುತ್ತದೆ.

ಕುಂಬಳೆ ಮೇಷ್ಟ್ರು:

ದಾಖಲೆಗಳ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮವರ ಸರ್ಟಿಫಿಕೇಟುಗಳಲ್ಲಿ ಹೆಸರು ಮಲಯಾಳಂನಲ್ಲಿ ಒಂದು ರೀತಿ, ಇಂಗ್ಲಿಷಿನಲ್ಲಿ ಇನ್ನೊಂದು ರೀತಿ. ಮನೆಹೆಸರು ಒಂದರಲ್ಲಿ ಇದ್ದರೆ ಇನ್ನೊಂದರಲ್ಲಿ ಇಲ್ಲ. ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿಗೆ ಇದರಿಂದಲೇ ವೀಸಾ ತಡವಾಗಿ ಅವಕಾಶ ತಪ್ಪಿತು. ಪಾಸ್‌ಪೋರ್ಟ್ ಈಗಲೇ ಮಾಡಿಸಿ, ಸುಮ್ನೆ ಕಾಯಬೇಡಿ. ಎಲ್ಲದರಲ್ಲೂ ಹೆಸರು ಒಂದೇ ಇದೆಯೇ ಎಂದು ಅಕ್ಷರ ಅಕ್ಷರ ನೋಡಿ.

ಪೆರ್ಲದ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಏಜೆಂಟಿಗೆ ಫೋನ್ ಮಾಡಿ ಬೇಡ ಅಂದರು. ಪಾಸ್‌ಪೋರ್ಟಿನಲ್ಲಿ ನನ್ನ ಇನಿಷಿಯಲ್ ಬೇರೆಯೇ ಇದೆ, ಸೋಮವಾರ ಹೋಗುತ್ತೇನೆ.

ಎಂಡೋಸಲ್ಫಾನ್ ಬಗ್ಗೆಯೇ ಪತ್ರ ಶುರು ಮಾಡಿದ್ದೇನೆ. ಮೊದಲು ಕನ್ನಡದಲ್ಲೇ ಬರೆದೆ: "ನಮ್ಮ ಪಕ್ಕದ ಮನೆಯ ಅಕ್ಕನಿಗೆ ಈಗ 31 ವರ್ಷ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಅವಳ ಅಮ್ಮ ಅವಳನ್ನು ಎತ್ತಿ ತಂದು ಜಗಲಿಯಲ್ಲಿ ಕೂರಿಸುತ್ತಾರೆ. ಆ ಅಮ್ಮನಿಗೆ 60 ಆಯಿತು." ಇದನ್ನು ಬರೆಯಬಹುದಾ?

ಬಾಯಾರಿನವ:

ಬರೆಯಬಹುದು. ಮೊದಲು ಆ ಅಮ್ಮನ ಹತ್ತಿರ ಹೋಗಿ ಕೇಳಿ. ಅವರು ಒಪ್ಪಿದರೂ ಹೆಸರು ಹಾಕಬೇಡಿ, ಫೋಟೋ ಬೇಡ. ಮುಂದಿನ ಭಾಗ ಬರೆದ ಮೇಲೆ ಕಳಿಸಿ. ಇಂಗ್ಲಿಷಿಗೆ ತರುವಾಗ ಜೊತೆಗೆ ಕೂರುತ್ತೇನೆ.