ಭಾನುವಾರದ ಪ್ರಶ್ನೋತ್ತರ: ಕೋವಿಯ ಚಕಮಕಿ ಕಲ್ಲು ಯಾಕೆ ಒಡೆಯುತ್ತದೆ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ಹಳೇ ಕೋವಿಗಳ ಸರದಿ. ತುಮಕೂರಿನಲ್ಲಿ ಲೈಸೆನ್ಸ್ ಪಡೆದು ಕೋವಿ ರಿಪೇರಿ ಮಾಡುವ ಯಜಮಾನರು ಉತ್ತರ ಕೊಡುತ್ತಾರೆ. ಚಕಮಕಿ ಕೋವಿ, ಅಂದರೆ ಕಲ್ಲು ಉಕ್ಕಿಗೆ ಬಡಿದ ಕಿಡಿಯಿಂದ ಮದ್ದು ಹೊತ್ತಿಸುವ ಕೋವಿ, ಅದರ ಬಗ್ಗೆ ಮಾತ್ರ ಕೇಳಿ. ಶಿಕಾರಿ ಮಾತು ಬೇಡ.

ಗುಬ್ಬಿ ನಾಟಕದವರು: ಯಜಮಾನರೇ, ನಮ್ಮ ಪಾಳೇಗಾರರ ನಾಟಕಕ್ಕೆ ಒಂದು ಚಕಮಕಿ ರೈಫಲ್ ಇದೆ. ನಳಿಕೆ ಮುಚ್ಚಿಸಿದ್ದೇವೆ, ಮದ್ದು ಹಾಕುವುದಿಲ್ಲ. ರಂಗದ ಮೇಲೆ ಕಿಡಿ ಹಾರಿದರೆ ಸಾಕು. ಆದರೆ ನಾಲ್ಕೈದು ಏಟಿಗೇ ಕಲ್ಲಿನ ಅಂಚು ಪುಡಿಯಾಗುತ್ತದೆ. ಕಲ್ಲೇ ಸರಿಯಿಲ್ವಾ?

ಕೋವಿ ರಿಪೇರಿ: ಕಲ್ಲಿನ ಮೇಲೆ ಕೊನೆಗೆ ಅನುಮಾನ ಪಡಿ. ಮೊದಲು ಕುದುರೆಯ ದವಡೆ ನೋಡಿ. ಕುದುರೆ ಅಂದರೆ ಕಲ್ಲು ಕಚ್ಚಿ ಹಿಡಿದು, ಟ್ರಿಗರ್ ಒತ್ತಿದಾಗ ಬೀಳುವ ಭಾಗ. ಬರೀ ಕಬ್ಬಿಣದ ನಡುವೆ ಕಲ್ಲು ಕಚ್ಚಿಸಿದರೆ ಒಡೆದೇ ಒಡೆಯುತ್ತದೆ. ಚರ್ಮದ ತುಂಡು ಮಡಚಿ ಅದರೊಳಗೆ ಕೂರಿಸಿ. ಸಿಪಾಯಿಗಳ ದಪ್ಪ ಮಸ್ಕೆಟ್ಟಿಗೆ ಸೀಸದ ತಗಡು ಸುತ್ತುತ್ತಿದ್ದರು, ನಿಮ್ಮದಕ್ಕೆ ಚರ್ಮ ಸಾಕು. ಏಟು ಬಿದ್ದಂತೆ ಚರ್ಮ ಅಮುಕಿಕೊಳ್ಳುತ್ತದೆ, ಹತ್ತು ಏಟಿಗೊಮ್ಮೆ ಸ್ಕ್ರೂ ಬಿಗಿ ಮಾಡಿ.

ಆಮೇಲೆ ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ. ಕಲ್ಲಿನ ಅಂಚಿಗೂ ಎದುರಿನ ಉಕ್ಕಿನ ತಗಡಿಗೂ ಒಂದೆರಡು ಮಿಲಿಮೀಟರ್ ಸಂದು ಇರಬೇಕು. ಅಂಚು ಪೂರ್ತಿ ಒಟ್ಟಿಗೆ ತಾಗಬೇಕು. ಒಂದು ಮೂಲೆ ಮೊದಲು ತಾಗಿದರೆ ಆ ಮೂಲೆ ಹೋಯಿತು ಅಂತಲೇ ಲೆಕ್ಕ. ಏಟು ತಗಡಿನ ಮೇಲ್ಭಾಗಕ್ಕೆ ಬಿದ್ದು ಕೆಳಗಿನವರೆಗೂ ಕೆರೆದುಕೊಂಡು ಇಳಿಯಬೇಕು. ಕುಟ್ಟಬಾರದು. ಕಿಡಿ ಕಲ್ಲಿನದ್ದಲ್ಲ, ಕಲ್ಲು ಕೆರೆದು ತೆಗೆದ ಉಕ್ಕಿನ ಚೂರು ಗಾಳಿಯಲ್ಲಿ ಉರಿಯುವುದು. ನೇರವಾಗಿ ಕುಟ್ಟುತ್ತಿದ್ದರೆ ಕಲ್ಲನ್ನು ಮಗುಚಿ ಹಾಕಿ, ಏಟಿನ ಓರೆ ಬದಲಾಗುತ್ತದೆ.

ತಾಲೀಮಿಗೆ ಕಲ್ಲು ಯಾಕೆ ಹಾಳು ಮಾಡುತ್ತೀರಿ? ಅದೇ ಅಳತೆಯ ಮರದ ತುಂಡು ಕಚ್ಚಿಸಿ. ಬ್ರಿಟಿಷ್ ಪಲ್ಟನ್ನಿನವರೂ ಕವಾಯತಿಗೆ ಹಾಗೇ ಮಾಡುತ್ತಿದ್ದರು.

ಚಿಂತಾಮಣಿ ಟೊಮೆಟೊ: ನನ್ನದೂ ಒಡೆಯುತ್ತದೆ ಸರ್. ಏನು ಮಾಡಲಿ?

ಕೋವಿ ರಿಪೇರಿ: ಮೇಲೆ ಓದಿ.

ಬೂದಿಕೋಟೆ ಹುಡುಗ: ಇದು ನನಗೆ ಬಂದದ್ದು ಸರ್, ನೋಡಿ. "ಚಕಮಕಿ ಕಲ್ಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಹಸುವಿನ ಹಾಲಿನಲ್ಲಿ ಅದ್ದಿ. ಏಳು ದಿನ ಹರಳೆಣ್ಣೆಯಲ್ಲಿ ನೆನೆಸಿ. ವಜ್ರದಂತೆ ಗಟ್ಟಿಯಾಗುತ್ತದೆ. ಹೈದರಾಲಿ ಸೈನ್ಯದ ಗುಟ್ಟು. ಹತ್ತು ಜನಕ್ಕೆ ಕಳಿಸಿ."

ಕೋವಿ ರಿಪೇರಿ: ಒಬ್ಬರಿಗೂ ಕಳಿಸಬೇಡಿ. ಆ ಕಲ್ಲಿನೊಳಗೆ ನೀರಿನ ಅಂಶ ಇರುತ್ತದೆ. ಕೆಂಡಕ್ಕೆ ಹಾಕಿದರೆ ಪಟಾಕಿ ಥರ ಸಿಡಿದು ಚೂರು ಕಣ್ಣಿಗೆ ಬರುತ್ತದೆ. ಸಿಡಿಯದೇ ಉಳಿದರೂ ಮೊದಲಿಗಿಂತ ಪೆಡಸಾಗುತ್ತದೆ. ಎಣ್ಣೆ ಉಕ್ಕಿನ ತಗಡಿಗೆ ಅಂಟಿ ಇರುವ ಕಿಡಿಯೂ ಹೋಗುತ್ತದೆ. ಹಾಲನ್ನು ಕುಡಿಯಿರಿ.

ಬೂದಿಕೋಟೆ ಹುಡುಗ: ಹೈದರ್ ಹುಟ್ಟಿದ್ದೇ ನಮ್ಮೂರಿನಲ್ಲಿ ಸರ್. ನಮ್ಮ ಹೊಲದ ಬೆಣಚು ಕಲ್ಲೇ ಅವರ ಕೋವಿಗೆ ಹೋಗುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ.

ಶಿರಾ ಮೇಷ್ಟ್ರು: ಹುಟ್ಟಿದ ಊರಿನ ಕಲ್ಲನ್ನೇ ಹಾಕಬೇಕು ಅಂತ ಎಲ್ಲಿದೆಯಪ್ಪಾ? ಬೆಣಚು ಕಲ್ಲೇ ಬೇರೆ, ಚಕಮಕಿ ಕಲ್ಲೇ ಬೇರೆ.

ಬೂದಿಕೋಟೆ ಹುಡುಗ: ಬೇರೆ ಹೇಗೆ ಮೇಷ್ಟ್ರೇ? ಚಿಕ್ಕವರಿದ್ದಾಗ ಕತ್ತಲಲ್ಲಿ ಎರಡು ಬೆಣಚು ಕಲ್ಲು ಉಜ್ಜಿ ಬೆಳಕು ಬರಿಸಿಲ್ವಾ? ಸುಟ್ಟ ವಾಸನೆ ಕೂಡ ಬರುತ್ತದೆ. ನಮ್ಮ ಕಡೆ ಅದನ್ನೇ ಚಕಮಕಿ ಅನ್ನುವುದು.

ಶಿರಾ ಮೇಷ್ಟ್ರು: ನಿಮ್ಮ ಕಡೆ ಏನಾದರೂ ಅನ್ನಿ.

ಬೂದಿಕೋಟೆ ಹುಡುಗ: ಶಿರಾದವರಿಗೆ ಮಾತ್ರ ಕನ್ನಡ ಗೊತ್ತು ಬಿಡಿ.

ಕೋವಿ ರಿಪೇರಿ: ಕತ್ತಲಲ್ಲಿ ಕಾಣುವುದು ಕಲ್ಲಿನೊಳಗಿನ ಮಿನುಗು. ಅದರಿಂದ ಬತ್ತಿಯೂ ಹೊತ್ತುವುದಿಲ್ಲ, ಮದ್ದೂ ಹೊತ್ತುವುದಿಲ್ಲ. ಬೆಣಚು ಕಲ್ಲಿನಿಂದ ಉಕ್ಕಿಗೆ ಹೊಡೆದರೆ ಅಷ್ಟಿಷ್ಟು ಕಿಡಿ ಬರುತ್ತದೆ, ನಿಜ. ಆದರೆ ಅಂಚು ನಿಲ್ಲುವುದಿಲ್ಲ, ಸಕ್ಕರೆ ಥರ ಉದುರುತ್ತದೆ. ಒಳ್ಳೇ ಚಕಮಕಿ ಕಲ್ಲು ಸುಣ್ಣದ ಬಂಡೆಯ ಪದರದಲ್ಲಿ ಸಿಗುತ್ತದೆ. ಇಂಗ್ಲೆಂಡಿನ ಬ್ರ್ಯಾಂಡನ್ ಊರಿನ ಕಪ್ಪು ಕಲ್ಲು ಅದಕ್ಕೇ ಹೆಸರಾದದ್ದು. ಕೋಲಾರದ್ದು ಗ್ರಾನೈಟ್ ನೆಲ. ಗುಜರಾತಿನ ಅಕೀಕು (ಅಗೇಟ್ ಕಲ್ಲು) ನಡೆಯುತ್ತದೆ, ಆದರೆ ಉಕ್ಕನ್ನು ಬೇಗ ಸವೆಸುತ್ತದೆ. ಇನ್ನು ಈ ಜಗಳ ಸಾಕು.

ಮಧುಗಿರಿ ಬೆಟ್ಟ: ಗ್ಯಾಸ್ ಲೈಟರಿನ ಕಲ್ಲು ಹಾಕಿದರೆ ಕಿಡಿ ಜಾಸ್ತಿ ಅಂತ ಯೂಟ್ಯೂಬಿನಲ್ಲಿದೆ.

ಕೋವಿ ರಿಪೇರಿ: ಅದು ಕಲ್ಲೇ ಅಲ್ಲ. ಸೀರಿಯಂ, ಕಬ್ಬಿಣ ಸೇರಿಸಿದ ಲೋಹ. 1903ರಲ್ಲಿ ಆಸ್ಟ್ರಿಯಾದವನೊಬ್ಬ ಕಂಡುಹಿಡಿದದ್ದು. ಅಲ್ಲಿ ಲೋಹ ಉರಿಯುತ್ತದೆ, ಕೋವಿಯಲ್ಲಿ ತಗಡಿನ ಉಕ್ಕು ಉರಿಯಬೇಕು. ಹಾಕಬೇಡಿ.

ಮಧುಗಿರಿ ಬೆಟ್ಟ: ಫೆವಿಕ್ವಿಕ್?

ಕೋವಿ ರಿಪೇರಿ: ಬೇಡ.

ಪಾವಗಡ ಕಡಲೆಕಾಯಿ: ಸರ್, ತಾತನ ಕಾಲದ ಚಕಮಕಿ ರೈಫಲ್ ಅಟ್ಟದ ಮೇಲಿತ್ತು. ಹೋದ ತಿಂಗಳು ಇಳಿಸಿ ಒರೆಸಿದೆವು. ಕಲ್ಲು ಯಾವಾಗಲೂ ಎಡ ಮೂಲೆಯಲ್ಲೇ ಒಡೆಯುತ್ತದೆ. ಅರ್ಧಕ್ಕೆ ಎಳೆದು ನಿಲ್ಲಿಸಿದರೂ ಒಮ್ಮೊಮ್ಮೆ ಕುದುರೆ ತಾನೇ ಬಿದ್ದುಬಿಡುತ್ತದೆ, ಅದು ಪರವಾಗಿಲ್ಲ. ಮಕ್ಕಳಿಗೆ ಕಿಡಿ ತೋರಿಸುವುದಕ್ಕೆ ಅಷ್ಟೇ.

ಕೋವಿ ರಿಪೇರಿ: ಮಕ್ಕಳ ಕೈಯಿಂದ ಈಗಲೇ ತೆಗೆದುಕೊಳ್ಳಿ. ಆಮೇಲೆ ಓದಿ.

ಎಡ ಮೂಲೆ ಅಂದರೆ ನಳಿಕೆಯ ಕಡೆಯದು. ಕಲ್ಲು ಬೀಳುವಾಗ ನಳಿಕೆಯ ಪಕ್ಕಕ್ಕೆ ತಗುಲುತ್ತಿರಬಹುದು, ಅಲ್ಲಿ ಹೊಳಪಿನ ಗೀರು ಇದೆಯಾ ನೋಡಿ. ಇಲ್ಲವಾದರೆ ಕುದುರೆ ತನ್ನ ಅಚ್ಚಿನ ಮೇಲೆ ಸಡಿಲವಾಗಿ ಓಲಾಡುತ್ತಿದೆ. ಕಲ್ಲಿನ ಕಥೆ ಇಷ್ಟೇ.

ನೀವು ಪರವಾಗಿಲ್ಲ ಅಂದದ್ದೇ ನನಗೆ ಭಯ. ಅರ್ಧದಲ್ಲಿ ನಿಲ್ಲುವುದಕ್ಕೆ ಒಳಗಿನ ಚಕ್ರದಲ್ಲಿ ಆಳವಾದ ಕಚ್ಚು ಇರುತ್ತದೆ, ಅದರಲ್ಲಿ ಒಂದು ಹಲ್ಲು ಕೂರುತ್ತದೆ. ಕೋವಿಯ ಕಾವಲು ಅದೊಂದೇ. ಟ್ರಿಗರ್ ಹಗುರ ಆಗಲಿ ಅಂತ ಯಾರೋ ಹಲ್ಲಿಗೆ ಅರ ಹಾಕಿರುತ್ತಾರೆ, ಇಲ್ಲವೇ ಕಚ್ಚು ಮುರಿದಿರುತ್ತದೆ. ಸೂಕ್ಷ್ಮ ಟ್ರಿಗರ್ ಇರುವ ರೈಫಲ್‌ಗಳಲ್ಲಿ ಆ ಚಕ್ರಕ್ಕೆ ಅಕ್ಕಿಕಾಳಿನಷ್ಟು ಒಂದು ಸಣ್ಣ ತುಂಡು ಸಿಕ್ಕಿಸಿರುತ್ತಾರೆ. ಕುದುರೆ ಬೀಳುವಾಗ ಹಲ್ಲು ಕಚ್ಚಿನ ಮೇಲೆ ಹಾದು ಹೋಗಲಿ ಅಂತ. ರಿಪೇರಿಗೆ ಬಿಚ್ಚಿದವರು ಅದನ್ನು ಕಳೆದರೆ ಪ್ರತೀ ಏಟಿಗೂ ಹಲ್ಲು ಕಚ್ಚಿಗೆ ಬಡಿಯುತ್ತದೆ. ಇಂಥದ್ದನ್ನು ನಾನು ಬಿಚ್ಚಿ ನೋಡಿದ್ದೇನೆ, ಕಚ್ಚು ಅನ್ನುವುದೇ ಉಳಿದಿರಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅಟ್ಟದಿಂದ ಇಳಿಸಿದ ಕೋವಿ ಖಾಲಿ ಅಂತ ಯಾರು ಹೇಳಿದರು? ಆಗಿನವರು ಮದ್ದು ಗುಂಡು ತುಂಬಿಯೇ ಮೂಲೆಗೆ ಒರಗಿಸುತ್ತಿದ್ದರು. ಪೆಟ್ಲುಪ್ಪು, ಗಂಧಕ, ಇದ್ದಿಲಿನ ಕರಿಮದ್ದು ಒಣಗಿದ್ದರೆ ನೂರು ವರ್ಷಕ್ಕೂ ಕೆಡುವುದಿಲ್ಲ. ಮೊದಲು ಕಲ್ಲು ಬಿಚ್ಚಿ ಇಡಿ. ನಳಿಕೆಯ ಬಾಯಿಯ ಎದುರು ಮುಖವಾಗಲಿ ಕೈಯಾಗಲಿ ಬೇಡ. ಪಕ್ಕದಿಂದ ಉದ್ದನೆಯ ಮರದ ಕಡ್ಡಿ ಮೆಲ್ಲಗೆ ಇಳಿಬಿಡಿ, ಕುಟ್ಟಬೇಡಿ, ಕಬ್ಬಿಣದ ಗಜ ಬೇಡ. ಬಾಯಿಯ ಮಟ್ಟಕ್ಕೆ ಗುರುತು ಹಾಕಿ ತೆಗೆಯಿರಿ. ಅದೇ ಕಡ್ಡಿಯನ್ನು ನಳಿಕೆಯ ಹೊರಗೆ ಹಿಡಿದು ನೋಡಿ. ಕಿಡಿ ಬೀಳುವ ಬಟ್ಟಲಿನ ಪಕ್ಕದಲ್ಲಿ ಬೆಂಕಿ ನಳಿಕೆಯೊಳಗೆ ದಾಟುವ ತೂತು ಇರುತ್ತದೆ, ತುದಿ ಅಲ್ಲಿಯವರೆಗೆ ಬರಬೇಕು. ಮೊದಲೇ ನಿಂತರೆ ಒಳಗೆ ಏನೋ ತುಂಬಿದೆ ಅಂತಲೇ ಲೆಕ್ಕ.

ಚಿಂತಾಮಣಿ ಟೊಮೆಟೊ: ಮೇಲೆ ಓದಿದೆ ಸರ್, ಅರ್ಥ ಆಗಲಿಲ್ಲ. ನನ್ನದು ಕೇಪಿನ ಕೋವಿ.

ಕೋವಿ ರಿಪೇರಿ: ಕೇಪಿನ ಕೋವಿಯಲ್ಲಿ ಕಲ್ಲೇ ಇರುವುದಿಲ್ಲವಲ್ಲ ಮಾರಾಯರೇ!

ಗೌರಿಬಿದನೂರು ಅಣ್ಣ: ಪಾವಗಡದವರೇ, ಲೈಸೆನ್ಸ್ ಇದೆಯಾ?

ಮಧುಗಿರಿ ಬೆಟ್ಟ: ಕೊಡಗಿನವರಿಗೆ ಲೈಸೆನ್ಸೇ ಬೇಡ. ನಮಗೆ ಮಾತ್ರ ಡಿಸಿ ಆಫೀಸು ಸುತ್ತುವ ಕರ್ಮ.

ಶಿರಾ ಮೇಷ್ಟ್ರು: ಕೊಡವರಿಗೆ, ಜಮ್ಮಾ ಹಿಡುವಳಿಯವರಿಗೆ (ಕೊಡಗಿನ ವಂಶಪಾರಂಪರ್ಯ ಜಮೀನಿನವರಿಗೆ) ಆ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಗೊತ್ತಿಲ್ಲದೆ ಮಾತಾಡಬಾರದು.

ಮಧುಗಿರಿ ಬೆಟ್ಟ: ಗೊತ್ತಿದ್ದೇ ಹೇಳಿದ್ದು. ಹಂದಿ ನಮ್ಮ ಹೊಲಕ್ಕೂ ಬರುತ್ತದೆ, ನಿಮ್ಮ ಸ್ಟಾಫ್ ರೂಮಿಗೆ ಬರುವುದಿಲ್ಲ.

ಶಿರಾ ಮೇಷ್ಟ್ರು: ವೈಯಕ್ತಿಕ ಬೇಡ. ಅಡ್ಮಿನ್ ಗಮನಿಸಿ.

ಬೂದಿಕೋಟೆ ಹುಡುಗ: ಈಗ ಅಡ್ಮಿನ್ ನೆನಪಾದರು ನೋಡಿ 😄

ಗುಬ್ಬಿ ನಾಟಕದವರು: ಯಜಮಾನರೇ, ಚರ್ಮ ಹಾಕಿದೆವು, ಇಪ್ಪತ್ತು ಏಟು ದಾಟಿತು! ಮೊಂಡಾದ ಅಂಚನ್ನು ಮತ್ತೆ ಚೂಪು ಮಾಡಬಹುದಾ? ತುಮಕೂರಿನಲ್ಲಿ ಕಲ್ಲು ಎಲ್ಲಿ ಸಿಗುತ್ತದೆ?

ಕೋವಿ ರಿಪೇರಿ: ಹಿತ್ತಾಳೆ ಕಡ್ಡಿಯ ತುದಿಯಿಂದ ಅಂಚನ್ನು ಒತ್ತಿ, ಸಣ್ಣ ಚಕ್ಕೆ ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಬಯಲಿನಲ್ಲಿ ಮಾಡಿ, ದೂಳು ಉಸಿರಿಗೆ ಹೋಗಬಾರದು. ಕೆಜಿಎಫ್ ಗಣಿಯವರ ಶ್ವಾಸಕೋಶ ತಿಂದದ್ದು ಇಂಥದ್ದೇ ಕಲ್ಲಿನ ದೂಳು.

ಗೌರಿಬಿದನೂರು ಅಣ್ಣ: ಇಂಥ ಹಳೇ ರೈಫಲ್‌ಗೆ ಈಗ ಎಷ್ಟು ಬೆಲೆ ಬರಬಹುದು?

ಮಧುಗಿರಿ ಬೆಟ್ಟ: ಫಾರ್ವರ್ಡ್: "ನಿಂಬೆ ರಸದಲ್ಲಿ ಚಕಮಕಿ ಕಲ್ಲು..."

ಕೋವಿ ರಿಪೇರಿ: ಅಡ್ಮಿನ್, ಇವರನ್ನು ಸುಮ್ನೆ ಕೂರಿಸಿ, ಇಲ್ಲ ನಾನು ಹೊರಡುತ್ತೇನೆ. ಪಾವಗಡದವರು ಎಲ್ಲಿ?

ಪಾವಗಡ ಕಡಲೆಕಾಯಿ: ಸರ್. ಕಡ್ಡಿ ತೂತಿಗಿಂತ ನಾಲ್ಕು ಬೆರಳು ಮೊದಲೇ ನಿಲ್ಲುತ್ತದೆ.

ಕೋವಿ ರಿಪೇರಿ: ಮಕ್ಕಳು ಎಷ್ಟು ಏಟು ಹೊಡೆದಿದ್ದಾರೆ?

ಪಾವಗಡ ಕಡಲೆಕಾಯಿ: ಐವತ್ತಾದರೂ ಆಗಿರುತ್ತದೆ. ಕಿಡಿ ಚೆನ್ನಾಗಿ ಬರುತ್ತಿತ್ತು.

ಕೋವಿ ರಿಪೇರಿ: ಬಟ್ಟಲಿನ ಪಕ್ಕದ ತೂತು ತೆರೆದಿದೆಯಾ? ಕಣ್ಣಿನಲ್ಲಿ ನೋಡಿ ಹೇಳಿ, ಏನನ್ನೂ ಚುಚ್ಚಬೇಡಿ.

ಪಾವಗಡ ಕಡಲೆಕಾಯಿ: ಇಲ್ಲ ಸರ್. ಕಣಜದ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿದೆ. ಪಿನ್ನಿನಲ್ಲಿ ಕ್ಲೀನ್ ಮಾಡೋಣ ಅಂತಿದ್ದೆ.

ಕೋವಿ ರಿಪೇರಿ: ಆ ಮಣ್ಣು ಮುಟ್ಟಬೇಡಿ. ಬಾಯಿ ಮೇಲಕ್ಕೆ ಮಾಡಿ ಖಾಲಿ ರೂಮಿನ ಮೂಲೆಯಲ್ಲಿ ನಿಲ್ಲಿಸಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ತಾತನ ಲೈಸೆನ್ಸ್ ಕಾಗದ ಇದ್ದರೆ ಹುಡುಕಿ ಇಡಿ. ಇವತ್ತೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಇರುವುದನ್ನು ಇದ್ದಂತೆ ಹೇಳಿ. ಕೋವಿಯನ್ನು ಬಸ್ಸಿನಲ್ಲಿ ತರುವ ಸಾಹಸ ಬೇಡ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನಾನೇ ಸ್ಟೇಷನ್ ಹತ್ತಿರ ಬರುತ್ತೇನೆ.